ನಕ್ಷತ್ರ ಹರಿದ ಬ್ಲ್ಯಾಕ್ ಹೋಲು, ಓಲಾಡೋ ಜೆಟ್ಟು: ಬ್ಲ್ಯಾಕ್ ಹೋಲ್ ತಿರುಗ್ತಿದೆ ಅನ್ನೋಕೆ ಇಷ್ಟು ಸಾಕಾ?

ಅನೂಪ್ ಚಿಕ್ಕಮಗಳೂರು:
ಗ್ರೂಪಲ್ಲಿ ಇದನ್ನ ಇನ್ನೂ ಯಾರೂ ಹಾಕಿಲ್ಲ ಅಂತ ನಾನೇ ಹಾಕ್ತಿದೀನಿ. 2025ರ ಡಿಸೆಂಬರಲ್ಲಿ ಸೈನ್ಸ್ ಅಡ್ವಾನ್ಸಸ್ ಜರ್ನಲ್ಲಲ್ಲಿ ಒಂದು ಪೇಪರ್ ಬಂತು, ಚೀನಾದ ರಾಷ್ಟ್ರೀಯ ಖಗೋಳ ವೀಕ್ಷಣಾಲಯದವರು ಮುಂದೆ ನಿಂತು ಮಾಡಿದ್ದು, ಬ್ರಿಟನ್ನಿನ ಕಾರ್ಡಿಫ್ ಯೂನಿವರ್ಸಿಟಿಯವರೂ ಜೊತೆಗಿದ್ರು. ವಿಷಯ ಏನಂದ್ರೆ, ಸುಮಾರು 40 ಕೋಟಿ ಜ್ಯೋತಿರ್ವರ್ಷ ದೂರದ ಒಂದು ಗ್ಯಾಲಕ್ಸಿಯ ನಟ್ಟನಡುವೆ ಇರೋ ದೊಡ್ಡ ಬ್ಲ್ಯಾಕ್ ಹೋಲ್ ಹತ್ರ ನಕ್ಷತ್ರ ಒಂದು ಹೋಗಿ ಹರಿದು ಚಿಂದಿ ಆಗಿದೆ, ಆ ಚಿಂದಿ ಎಲ್ಲ ಸುತ್ತ ಡಿಸ್ಕ್ ಆಗಿ ತಿರುಗ್ತಿದೆ, ಜೊತೆಗೆ ಜೆಟ್, ಅಂದ್ರೆ ಸಣ್ಣ ಧಾರೆಯಾಗಿ ಜೋರಾಗಿ ಚಿಮ್ಮೋ ವಸ್ತು, ಹೊರಟಿದೆ, ಡಿಸ್ಕು ಜೆಟ್ಟು ಎರಡೂ ಒಟ್ಟೊಟ್ಟಿಗೆ 19.6 ದಿನಕ್ಕೊಂದು ಸುತ್ತು ಓಲಾಡ್ತಿವೆ. ಸ್ವಿಫ್ಟ್ ಉಪಗ್ರಹ ನೋಡಿದ ಎಕ್ಸ್‌ರೇನಲ್ಲೂ ಅಮೆರಿಕದ ವಿಎಲ್ಎ ರೇಡಿಯೋ ಟೆಲಿಸ್ಕೋಪ್ ನೋಡಿದ ರೇಡಿಯೋ ಅಲೆಯಲ್ಲೂ ಅದೇ ಲೆಕ್ಕ. ಇದಕ್ಕೆ ಕಾರಣ ಬ್ಲ್ಯಾಕ್ ಹೋಲ್ ತಿರುಗ್ತಾ ತನ್ನ ಸುತ್ತಲಿನ ದೇಶಕಾಲವನ್ನೇ (ಸ್ಪೇಸ್-ಟೈಮ್) ಜೊತೆಗೆ ಎಳ್ಕೊಂಡು ಹೋಗೋದು ಅಂತಾರೆ, 1918ರಲ್ಲೇ ಲೆನ್ಸ್, ಥಿರಿಂಗ್ ಅನ್ನೋ ಇಬ್ಬರು ಆಸ್ಟ್ರಿಯಾದವರು ಐನ್‌ಸ್ಟೈನ್ ಸಮೀಕರಣದಿಂದ ಲೆಕ್ಕ ಹಾಕಿಟ್ಟಿದ್ದು. ಈ ಘಟನೆಗಿಟ್ಟ ಹೆಸರು ಮಾತ್ರ ಬಾಯಿಗೆ ಬರಲ್ಲ, ಎಟಿ2020ಎಎಫ್‌ಎಚ್‌ಡಿ. ಏನಂತೀರಾ?

ಮೂಡಿಗೆರೆ ಮಂಜ:
ಇಲ್ಲಿ ಬೆಳಗ್ಗೆಯಿಂದ ಕರೆಂಟಿಲ್ಲ, ಕಣದಲ್ಲಿ ಕಾಫಿ ಹರವಿದೀನಿ ಮೋಡ ಬೇರೆ ಕಟ್ಕೊಂಡು ಕೂತಿದೆ, ನೀನು 40 ಕೋಟಿ ಜ್ಯೋತಿರ್ವರ್ಷ ಅಂತೀಯಲ್ಲ ಮಾರಾಯ. ಇರ್ಲಿ, ಮೊಬೈಲಲ್ಲಿ ಚಾರ್ಜ್ ಇರೋವರ್ಗೂ ಓದ್ತೀನಿ. ಎಎಫ್‌ಎಚ್‌ಡಿ ಅಂತ ಕರೀರಿ ಸಾಕು.

ಲತಾ ಹೊಳೆನರಸೀಪುರ:
ನಂದೊಂದು ದಡ್ಡ ಪ್ರಶ್ನೆ. ಬ್ಲ್ಯಾಕ್ ಹೋಲ್ ಅಂದ್ಮೇಲೆ ನಕ್ಷತ್ರನ ಇಡೀ ನುಂಗ್ಬೇಕಲ್ವಾ? ಹರಿಯೋದು ಯಾಕೆ? ಹರಿದ್ಮೇಲೂ ಒಳಗೆ ಹೋಗ್ದೆ ಸುತ್ತ ಯಾಕೆ ತಿರುಗುತ್ತೆ? ನನ್ ಮಗ ಕೇಳಿದ, ನನಗೆ ಹೇಳೋಕೆ ಬರ್ಲಿಲ್ಲ.

ಸ್ಮಿತಾ ಹಾಸನ:
ಲತಕ್ಕ, ದಡ್ಡ ಪ್ರಶ್ನೆ ಏನಲ್ಲ ಅದು, ಅಲ್ಲೇ ಇರೋದು ಮಜಾ. ಸೂರ್ಯನ 10 ಲಕ್ಷ ಪಟ್ಟು ತೂಕದ ಬ್ಲ್ಯಾಕ್ ಹೋಲ್ ತಗೊಳ್ಳಿ. ಅದರ ವಾಪಸ್ ಬಾರದ ಗಡಿ ಇರೋದು ನಡುವಿನಿಂದ ಸುಮಾರು 30 ಲಕ್ಷ ಕಿ.ಮೀ.ಗೆ. ಆದ್ರೆ ನಮ್ಮ ಸೂರ್ಯನಂಥ ನಕ್ಷತ್ರ 7 ಕೋಟಿ ಕಿ.ಮೀ. ದೂರಕ್ಕೆ ಬರೋ ಹೊತ್ತಿಗೇ ಹರಿಯುತ್ತೆ. ಸೂರ್ಯನಿಂದ ಬುಧ ಗ್ರಹ ಇರೋದೇ 5.8 ಕೋಟಿ ಕಿ.ಮೀ.ನಲ್ಲಿ, ಅಂದ್ರೆ ಅದಕ್ಕಿಂತ ಇನ್ನೂ ಆಚೆನೇ. ಕಾರಣ, ನಕ್ಷತ್ರದ ಈ ಕಡೆ ಮುಖಕ್ಕೆ ಬೀಳೋ ಎಳೆತ ಜಾಸ್ತಿ, ಆ ಕಡೆ ಮುಖಕ್ಕೆ ಕಮ್ಮಿ, ಆ ವ್ಯತ್ಯಾಸ ನಕ್ಷತ್ರ ತನ್ನನ್ನ ತಾನು ಹಿಡ್ಕೊಂಡಿರೋ ಗುರುತ್ವಕ್ಕಿಂತ ಹೆಚ್ಚಾದ ತಕ್ಷಣ ಮುಗೀತು. ಚೂರಲ್ಲಿ ಸುಮಾರು ಅರ್ಧ ಹೊರಗೆ ಎಸೆದು ಹೋಗುತ್ತೆ, ಉಳಿದರ್ಧ ಉದ್ದನೆ ದಾರದ ಥರ ಎಳೆದುಕೊಂಡು ವಾಪಸ್ ಬಂದು ತನ್ನ ಮೇಲೆ ತಾನೇ ಡಿಕ್ಕಿ ಹೊಡ್ಕೊಂಡು ಬಿಸಿಯಾಗಿ ಡಿಸ್ಕ್ ಆಗುತ್ತೆ. ಹಂಗೇ ನೆಟ್ಟಗೆ ಒಳಗೆ ಬೀಳೋಕಾಗಲ್ಲ, ಪಕ್ಕಕ್ಕೆ ಓಡ್ತಿರೋ ವೇಗ ಇರುತ್ತಲ್ಲ, ಅದನ್ನ ಮೊದಲು ಕಳ್ಕೋಬೇಕು. ಬ್ರಿಟನ್ನಿನ ಖಗೋಳ ವಿಜ್ಞಾನಿ ಮಾರ್ಟಿನ್ ರೀಸ್ 1988ರಲ್ಲಿ ಇದನ್ನೆಲ್ಲ ಲೆಕ್ಕ ಹಾಕಿ ಬರೆದಿದ್ರು.
ಇನ್ನೊಂದು, ಬ್ಲ್ಯಾಕ್ ಹೋಲ್ ಸೂರ್ಯನ 10 ಕೋಟಿ ಪಟ್ಟಿಗಿಂತ ದೊಡ್ಡದಾದ್ರೆ ಆಗ ನಿಮ್ಮ ಮಗ ಹೇಳಿದ್ದೇ ಸರಿ, ಹರಿಯೋ ಜಾಗವೇ ಗಡಿ ಒಳಗೆ ಹೋಗಿಬಿಡುತ್ತೆ, ಸೂರ್ಯನಂಥದ್ದನ್ನ ಸದ್ದಿಲ್ದೆ ಇಡೀ ನುಂಗುತ್ತೆ, ಹೊರಗಿಂದ ಏನೂ ಕಾಣಲ್ಲ.

ಕಿಟ್ಟಿ ಕಡೂರು:
ಇಲ್ಲೀವರ್ಗೂ ಒಪ್ದೆ. ನಕ್ಷತ್ರ ಹರಿಯುತ್ತೆ, ಡಿಸ್ಕ್ ಆಗುತ್ತೆ, ಸರಿ. ನನ್ನ ತಕರಾರು ಇರೋದು ಮುಂದಿನ ಜಿಗಿತದ ಮೇಲೆ. ಒಂದು ಚುಕ್ಕೆ ಬೆಳಕು 19.6 ದಿನಕ್ಕೊಂದ್ಸಲ ಜಾಸ್ತಿ ಕಮ್ಮಿ ಆಯ್ತು, ಅಷ್ಟೇ ಇವರು ನೋಡಿರೋದು. ಡಿಸ್ಕ್ ಯಾರೂ ನೋಡಿಲ್ಲ, ಜೆಟ್ ವಾಲಿದ್ದು ಯಾರೂ ನೋಡಿಲ್ಲ. ಅದರಿಂದ ನೇರವಾಗಿ ಬ್ಲ್ಯಾಕ್ ಹೋಲ್ ತಿರುಗ್ತಿದೆ, ದೇಶಕಾಲನೇ ಸುತ್ತುತ್ತೆ, ಐನ್‌ಸ್ಟೈನ್ ಮತ್ತೆ ಗೆದ್ರು ಅಂತ ಹೆಡ್‌ಲೈನ್. ಬೇಲೂರು ಗುಡಿ ನರಸಿಂಹ ಕಂಬನೂ ಒಂದ್ ಕಾಲಕ್ಕೆ ತಿರುಗ್ತಿತ್ತು ಅಂತ ಗೈಡ್‌ಗಳು ಹೇಳ್ತಾರೆ, ನಂಬ್ತೀರಾ? ಇಂಥ ಏರಿಳಿತ ಸುಮ್ಮನೆ ಗದ್ದಲದಲ್ಲೂ, ಅಂದ್ರೆ ಗೊತ್ತುಗುರಿ ಇಲ್ದೆ ಬೆಳಕು ಹೆಚ್ಚು ಕಮ್ಮಿ ಆಗೋದರಲ್ಲೂ, ಬರುತ್ತೆ, ನಿಧಾನಕ್ಕೆ ಏರಿಳಿಯೋ ಗದ್ದಲ ಇದ್ರೆ ನಾಲ್ಕೈದು ಸುತ್ತು ಅಚ್ಚುಕಟ್ಟಾಗಿ ತಾಳ ಬಿದ್ದಂಗೆ ಕಾಣುತ್ತೆ, ಆಮೇಲೆ ಮಾಯ. ಗ್ಯಾಸ್ ತಿಂದು ಜೋರಾಗಿ ಹೊಳೆಯೋ ದೂರದ ಬ್ಲ್ಯಾಕ್ ಹೋಲು, ಅಂದ್ರೆ ಕ್ವೇಸಾರ್‌ಗಳಲ್ಲಿ ಇದೇ ಥರ ಪಿರಿಯಡ್ ಸಿಕ್ತು ಅಂತ ಎಷ್ಟೋ ಜನ ಬರೆದು ಆಮೇಲೆ ನಿಲ್ಲದೇ ಹೋಗಿದೆ.

ಬೇಲೂರು ಮೇಷ್ಟ್ರು:
ಕಂಬದ ವಿಷಯ ಬಿಡಪ್ಪ ಕಿಟ್ಟಿ, ನಮ್ಮೂರಿನ ಕಂಬ ಅದು, ಅದನ್ಯಾಕೆ ಎಳೀತೀಯ. ಪಿಯುಸಿ ಮಕ್ಳಿಗೆ ನಾನು ಹೇಳ್ತಿದ್ದಂಗೆ ಹೇಳ್ತೀನಿ. ಬುಗುರಿ ಬಿಟ್ಟಾಗ ನೋಡಿದೀಯಲ್ಲ, ನೆಟ್ಟಗೆ ನಿಂತ್ರೆ ಓಲಾಡಲ್ಲ. ಸ್ವಲ್ಪ ವಾಲಿಸಿ ಬಿಟ್ರೆ ತನ್ನ ಸುತ್ತ ತಾನು ಜೋರಾಗಿ ತಿರುಗ್ತಾನೇ ಅದರ ತಲೆ ನಿಧಾನಕ್ಕೆ ಇನ್ನೊಂದು ಸುತ್ತು ಹಾಕುತ್ತೆ. ಇಲ್ಲಿ ಡಿಸ್ಕೇ ಬುಗುರಿ. ನಕ್ಷತ್ರ ಯಾವ ದಿಕ್ಕಿಂದ ಬೇಕಾದ್ರೂ ಬಂದಿರುತ್ತೆ, ಬ್ಲ್ಯಾಕ್ ಹೋಲ್ ತಿರುಗೋ ಅಕ್ಷಕ್ಕೂ ಅದಕ್ಕೂ ಸಂಬಂಧ ಇರಲ್ಲ, ಹಂಗಾಗಿ ಆ ಚೂರಿನಿಂದ ಆದ ಡಿಸ್ಕ್ ವಾಲಿಕೊಂಡೇ ಹುಟ್ಟುತ್ತೆ. ಅದಕ್ಕೇ ನಕ್ಷತ್ರ ಹರಿಯೋ ಘಟನೆ ಈ ಪರೀಕ್ಷೆಗೆ ಹೇಳಿ ಮಾಡಿಸಿದ್ದು. ಕೋಟ್ಯಂತರ ವರ್ಷದಿಂದ ಗ್ಯಾಸ್ ತಿಂತಿರೋ ಬ್ಲ್ಯಾಕ್ ಹೋಲಲ್ಲಿ ಡಿಸ್ಕು ಹೋಲು ಒಂದಕ್ಕೊಂದು ಹೊಂದ್ಕೊಂಡು ನೆಟ್ಟಗಾಗಿಬಿಟ್ಟಿರೋದೇ ಹೆಚ್ಚು.

ಕಿಟ್ಟಿ ಕಡೂರು:
ಸಾರ್, ನಿಮ್ಮ ಬುಗುರಿ ಓಲಾಡೋದು ಅದರ ತೂಕ ಕೆಳಗೆ ಎಳೆಯೋದ್ರಿಂದ, ಮೊಳೆ ನೆಲಕ್ಕೆ ಊರಿರೋದ್ರಿಂದ. ಇಲ್ಲಿ ನೆಲನೂ ಇಲ್ಲ ಮೊಳೆನೂ ಇಲ್ಲ. ಡಿಸ್ಕ್ ಗಟ್ಟಿ ವಸ್ತುನೂ ಅಲ್ಲ, ಗ್ಯಾಸು. ಒಳಗಿನ ಗ್ಯಾಸ್ ಒಂದು ವೇಗದಲ್ಲಿ ಹೊರಗಿನದು ಇನ್ನೊಂದು ವೇಗದಲ್ಲಿ ಸುತ್ತುತ್ತೆ. ಅದು ಬುಗುರಿ ಥರ ಒಂದೇ ತುಂಡಾಗಿ ಹೆಂಗೆ ವಾಲಾಡುತ್ತೆ?

ಸ್ಮಿತಾ ಹಾಸನ:
ಕಿಟ್ಟಿಯವ್ರೇ ಒಳ್ಳೆ ಜಾಗಕ್ಕೆ ಕೈ ಹಾಕಿದ್ರಿ, ಇದೇ ನಿಜವಾದ ಸಮಸ್ಯೆ. ಬ್ಲ್ಯಾಕ್ ಹೋಲ್ ತಿರುಗ್ತಿದ್ರೆ ವಾಲಿದ ಕಕ್ಷೆಯಲ್ಲಿರೋ ಗ್ಯಾಸ್ ಮೇಲೆ ಒಂದು ತಿರುಚೋ ಬಲ ಬೀಳುತ್ತೆ, ಬುಗುರಿಗೆ ತೂಕ ಮಾಡೋ ಕೆಲಸ ಇಲ್ಲಿ ಅದು ಮಾಡುತ್ತೆ. ಆದ್ರೆ ಆ ಬಲದಿಂದಾಗೋ ಓಲಾಟದ ವೇಗ ದೂರದ ಘನಕ್ಕೆ ವಿಲೋಮ, ಅಂದ್ರೆ ಎರಡರಷ್ಟು ದೂರ ಹೋದ್ರೆ ಎಂಟನೇ ಒಂದು ಪಾಲು. ಹಂಗೆ ಬಿಟ್ರೆ ಒಳಗಿನ ಗ್ಯಾಸು ಬೇಗ ಬೇಗ ಓಲಾಡಿ ಹೊರಗಿನದು ಹಿಂದೆ ಬಿದ್ದು ಡಿಸ್ಕ್ ತಿರುಚಿ ಹೋಗ್ಬೇಕು. ತೆಳು ಡಿಸ್ಕಲ್ಲಿ ಆಗೋದೂ ಅದೇ, ಒಳಭಾಗ ಹೋಲಿನ ಸಮಭಾಜಕಕ್ಕೆ ಬಂದು ಚಪ್ಪಟೆ ಕೂತ್ಕೊಳ್ಳುತ್ತೆ, ಬಾರ್ಡೀನ್ ಮತ್ತು ಪೆಟರ್‌ಸನ್ 1975ರಲ್ಲಿ ತೋರಿಸಿದ್ದು. ಆದ್ರೆ ನಕ್ಷತ್ರ ಹರಿದ ಹೊಸದರಲ್ಲಿ ಗ್ಯಾಸ್ ಸುರಿಯೋ ಜೋರಿಗೆ ಡಿಸ್ಕ್ ಉಬ್ಬಿ ದಪ್ಪಗಿರುತ್ತೆ. ದಪ್ಪ ಬಿಸಿ ಡಿಸ್ಕಲ್ಲಿ ಒತ್ತಡದ ಅಲೆಗಳು ಒಳಗಿಂದ ಹೊರಗೆ ಓಲಾಟಕ್ಕಿಂತ ಬೇಗ ಓಡಾಡ್ತವೆ. ಒಳಗಿನವನು ವಾಲಿದ ಸುದ್ದಿ ಹೊರಗಿನವನಿಗೆ ಬೇಗ ಮುಟ್ಟೋದ್ರಿಂದ ಇಡೀ ಡಿಸ್ಕ್ ಒಂದೇ ತುಂಡಿನ ಥರ ವಾಲಾಡುತ್ತೆ.

ಅನೂಪ್ ಚಿಕ್ಕಮಗಳೂರು:
ಇದು ಮೊದಲ್ನೇದೇನೂ ಅಲ್ಲ ಕಿಟ್ಟಣ್ಣ. 2011ರ ಮಾರ್ಚ್ 28ಕ್ಕೆ ಸ್ವಿಫ್ಟ್ ಹಿಡಿದಿತ್ತಲ್ಲ ಜೆ1644 ಅಂತ, ನಕ್ಷತ್ರ ಹರಿದು ಜೆಟ್ ನಮ್ಮ ಕಡೆಗೇ ಮುಖ ಮಾಡಿದ್ದು, ಅದರ ಎಕ್ಸ್‌ರೇನಲ್ಲಿ 2.7 ದಿನಕ್ಕೊಂದ್ಸಲ ಇಳಿತ ಕಂಡಿತ್ತು, ಜೆಟ್ ಓಲಾಡ್ತಿದೆಯಾ ಅಂತ ಆಗ್ಲೇ ಅನುಮಾನ ಬಂದಿತ್ತು. ಆಮೇಲೆ 2020ರಲ್ಲಿ ಎಟಿ2020ಓಸಿಎನ್, ಸುಮಾರು 100 ಕೋಟಿ ಜ್ಯೋತಿರ್ವರ್ಷ ದೂರ, ಬಾಹ್ಯಾಕಾಶ ನಿಲ್ದಾಣದ ಮೇಲಿರೋ ನೈಸರ್ ಟೆಲಿಸ್ಕೋಪ್ ದಿನಾ ನೋಡಿ ಎಕ್ಸ್‌ರೇ 15 ದಿನಕ್ಕೊಂದ್ಸಲ ಏರಿಳಿಯೋದನ್ನ ಹಿಡೀತು. ಅಮೆರಿಕದ ಎಂಐಟಿಯ ಧೀರಜ್ ಪಾಶಮ್ ಟೀಮು, 2024ರಲ್ಲಿ ನೇಚರ್ ಜರ್ನಲ್ಲಲ್ಲಿ ಬಂತು. ಅದರಿಂದ ಬ್ಲ್ಯಾಕ್ ಹೋಲ್ ಬೆಳಕಿನ ವೇಗದ ಕಾಲು ಭಾಗಕ್ಕಿಂತ ಕಮ್ಮಿ ವೇಗದಲ್ಲಿ ತಿರುಗ್ತಿದೆ ಅಂತ ಲೆಕ್ಕ ತೆಗೆದ್ರು. ಒಂದಾದ್ರೆ ಗದ್ದಲ ಅನ್ಬೋದು, ಹಿಂಗೆ ಸಾಲಾಗಿ ಸಿಕ್ತಾ ಹೋದ್ರೆ?

ಕಿಟ್ಟಿ ಕಡೂರು:
ಸಾಲಾಗಿ ಸಿಕ್ಕಿದ್ರೆ ಓಲಾಟ ನಿಜ ಅನ್ಬೋದು ಅನೂಪ, ಕಾರಣ ಒಂದೇ ಅಂತ ಯಾರು ಹೇಳಿದ್ದು? ಎಸ್ಎಸ್433 ಗೊತ್ತಲ್ಲ ನಿಂಗೆ. ನಮ್ಮ ಗ್ಯಾಲಕ್ಸಿ ಒಳಗೇ ಇರೋ ಜೋಡಿ, ಒಂದು ನಕ್ಷತ್ರ ಇನ್ನೊಂದು ಬ್ಲ್ಯಾಕ್ ಹೋಲ್ ಅಂತಾರೆ, 70ರ ದಶಕದ ಕೊನೇಲಿ ಸಿಕ್ಕಿದ್ದು, ಬೆಳಕಿನ ವೇಗದ 26 ಪರ್ಸೆಂಟಲ್ಲಿ ಹೋಗೋ ಎರಡು ಜೆಟ್ಟು, 162 ದಿನಕ್ಕೊಂದು ಸುತ್ತು ಓಲಾಡ್ತವೆ. ಜಗತ್ತಿನ ಅತಿ ಹೆಸರುವಾಸಿ ಓಲಾಡೋ ಜೆಟ್ ಅದೇ. ಅಲ್ಲಿ ಹೆಚ್ಚಿನವರು ಬೆರಳು ತೋರಿಸೋದು ಪಕ್ಕದ ಜೊತೆ ನಕ್ಷತ್ರದ ಎಳೆತಕ್ಕೆ, ದೇಶಕಾಲ ಎಳೆಯೋ ಕಥೆಗಲ್ಲ. ಹಂಗಾದ್ರೆ ಈ ಎಎಫ್‌ಎಚ್‌ಡಿ ಪಕ್ಕ ಇನ್ನೊಂದು ಬ್ಲ್ಯಾಕ್ ಹೋಲ್ ಅಡಗಿದ್ರೆ? ಡಿಸ್ಕಿನ ಬೆಳಕಿನ ಒತ್ತಡವೇ ಡಿಸ್ಕನ್ನ ತಿರುಚಿದ್ರೆ? ಅದೂ ಸಾಧ್ಯ ಅಂತ ಲೆಕ್ಕ ಇದೆ. ನೀನು ಹೇಳಿದ ಓಸಿಎನ್‌ಗೂ ಡಿಸ್ಕ್ ತಾನಾಗೇ ಉಬ್ಬಿ ಇಳೀತಿದೆ ಅಂದ್ರೂ ಏರಿಳಿತ ಬರುತ್ತಲ್ಲ.

ಲತಾ ಹೊಳೆನರಸೀಪುರ:
ಅನೂಪ್, 2020 ಅಂತ ಹೆಸರಿದೆ, ಪೇಪರ್ 2025ರದ್ದು, ಐದು ವರ್ಷ ನೋಡಿದ್ರಾ? ಮತ್ತೆ ಎಕ್ಸ್‌ರೇ ರೇಡಿಯೋ ಎರಡೂ ಒಂದೇ ಕಡೆಯಿಂದ ಬರೋದಲ್ವಾ, ಒಂದು ಏರಿದ್ರೆ ಇನ್ನೊಂದು ಏರೋದರಲ್ಲಿ ಏನು ವಿಶೇಷ?

ಸ್ಮಿತಾ ಹಾಸನ:
ಹೆಸರು ಹಳೇದು ಲತಕ್ಕ. 2020ರಲ್ಲಿ ಆ ಗ್ಯಾಲಕ್ಸಿ ನಡುವೆ ಏನೋ ಸ್ವಲ್ಪ ಮಿನುಗಿದ್ದಕ್ಕೆ ಆಗ್ಲೇ ಹೆಸರಿಟ್ಟಿದ್ರು, ನಕ್ಷತ್ರ ಹರಿದ ದೊಡ್ಡ ಬೆಳಕು ಬಂದಿದ್ದು 2024ರ ಜನವರಿಯಲ್ಲಿ. ಅದಾಗಿ ಏಳು ತಿಂಗಳು ಕಳೆದ್ಮೇಲೆ ಈ ಏರಿಳಿತ ಶುರು.
ಎರಡನೇ ಪ್ರಶ್ನೆಗೆ ಕಿಟ್ಟಿಯವ್ರೂ ಕಿವಿ ಕೊಡ್ಲಿ. ಎರಡೂ ಒಂದೇ ಕಡೆಯಿಂದ ಬರಲ್ಲ. ಇಲ್ಲಿ ಎಕ್ಸ್‌ರೇ ಬರೋದು ಬ್ಲ್ಯಾಕ್ ಹೋಲಿಗೆ ಅಂಟಿಕೊಂಡಂಗಿರೋ ಒಳಗಿನ ಬಿಸಿ ಡಿಸ್ಕಿಂದ. ರೇಡಿಯೋ ಬರೋದು ಜೆಟ್ಟಿಂದ, ಅದರೊಳಗಿನ ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರದಲ್ಲಿ ಸುತ್ತೋದ್ರಿಂದ. ಡಿಸ್ಕ್ ಒಂದೇ ಉಬ್ಬಿ ಇಳಿದ್ರೆ ಎಕ್ಸ್‌ರೇ ಏರಿಳಿಯುತ್ತೆ ಸರಿ, ಜೆಟ್ ಯಾಕೆ ಅದೇ ದಿನಕ್ಕೆ ಏರಿಳೀಬೇಕು? ಡಿಸ್ಕ್ ವಾಲಿದ್ರೆ ಎರಡಕ್ಕೂ ಒಂದೇ ಉತ್ತರ ಸಿಗುತ್ತೆ. ದಪ್ಪ ಡಿಸ್ಕಿನ ಅಂಚು ನಮ್ಮ ಕಡೆ ಬಂದಾಗ ಒಳಗಿನ ಬಿಸಿ ಭಾಗ ಮರೆಯಾಗಿ ಎಕ್ಸ್‌ರೇ ಬೀಳುತ್ತೆ, ಅದೇ ಹೊತ್ತಿಗೆ ಜೆಟ್ಟೂ ನಮ್ಮ ದೃಷ್ಟಿಯಿಂದ ಆಚೆ ತಿರುಗಿರುತ್ತೆ, ರೇಡಿಯೋನೂ ಮಂಕಾಗುತ್ತೆ. ಜೆಟ್ ನಮ್ಮ ಕಡೆ ವಾಲಿದಾಗ ಬೆಳಕು ನಮ್ಮ ಕಡೆಗೇ ಒತ್ತಿ ಬಂದಂಗಾಗಿ ಹೆಚ್ಚಾಗಿ ಕಾಣುತ್ತೆ. ಎಕ್ಸ್‌ರೇ ಹತ್ತು ಪಟ್ಟಿಗೂ ಮೇಲೆ, ರೇಡಿಯೋ ನಾಲ್ಕು ಪಟ್ಟಿಗೂ ಮೇಲೆ ಬದಲಾಗಿದೆ, ಸಣ್ಣ ಪುಟ್ಟ ನಡುಕ ಅಲ್ಲ ಇದು.
ಇನ್ನೊಂದು ವಿಷಯ ಗಮನಿಸಿ. ಸಾಮಾನ್ಯವಾಗಿ ನಕ್ಷತ್ರ ಹರಿದಾಗ ಬರೋ ರೇಡಿಯೋ, ಹೊರಗೆ ಎಸೆದ ಗ್ಯಾಸ್ ಸುತ್ತಲಿನ ಗ್ಯಾಸಿಗೆ ಗುದ್ದಿ ಬರೋದು, ಅದು ಎಷ್ಟು ಹರಡಿರುತ್ತೆ ಅಂದ್ರೆ ತಿಂಗಳುಗಟ್ಟಲೆ ನಿಧಾನ ಏರಿ ನಿಧಾನ ಇಳಿಯುತ್ತೆ. ಇಪ್ಪತ್ತು ದಿನದೊಳಗೆ ನಾಲ್ಕು ಪಟ್ಟು ಏರಿ ಇಳೀಬೇಕಾದ್ರೆ ರೇಡಿಯೋ ಹೊರಡೋ ಜಾಗ ಬೆಳಕು ಇಪ್ಪತ್ತು ದಿನದಲ್ಲಿ ದಾಟೋವಷ್ಟಕ್ಕಿಂತ ತೀರಾ ದೊಡ್ಡದಿರೋ ಹಾಗಿಲ್ಲ. ಅಂದ್ರೆ ಜೆಟ್ಟಿನ ಬುಡದ ಹತ್ರದ್ದೇ.

ಮೂಡಿಗೆರೆ ಮಂಜ:
ಎಲ್ಲ ಅಮೆರಿಕ ಚೀನಾನೇ ಆಯ್ತಲ್ಲ ಗುರು. ಹಾಸನದಲ್ಲೇ ಇಸ್ರೋದ ಉಪಗ್ರಹ ಕಂಟ್ರೋಲ್ ಕೇಂದ್ರ ಎಂಸಿಎಫ್ ಇಟ್ಕೊಂಡು, ಅಷ್ಟಷ್ಟು ದೊಡ್ಡ ಡಿಶ್ ಆಂಟೆನಾ ಬೈಪಾಸಿಂದನೇ ಕಾಣ್ತವೆ, ಅಲ್ಲಿಂದ ನಮ್ಮ ಬಾಹ್ಯಾಕಾಶ ಟೆಲಿಸ್ಕೋಪ್ ಆಸ್ಟ್ರೋಸ್ಯಾಟ್‌ನ ಆ ಕಡೆ ತಿರುಗ್ಸಿ ಒಂದ್ಸಲ ನೋಡೋಕಾಗಲ್ವಾ?

ಅನೂಪ್ ಚಿಕ್ಕಮಗಳೂರು:
ಮಂಜಣ್ಣ, ಎಂಸಿಎಫ್ ಕೆಲಸ 36 ಸಾವಿರ ಕಿ.ಮೀ. ಮೇಲೆ ಒಂದೇ ಕಡೆ ನಿಂತಂಗೆ ಕಾಣೋ ಟಿವಿ, ಹವಾಮಾನದ ಉಪಗ್ರಹಗಳನ್ನ ನೋಡ್ಕೊಳ್ಳೋದು. ಆಸ್ಟ್ರೋಸ್ಯಾಟ್ 650 ಕಿ.ಮೀ.ನಲ್ಲಿ ಸುತ್ತುತ್ತೆ, ಅದರ ಕಂಟ್ರೋಲು ಬೆಂಗಳೂರು. ಆ ಡಿಶ್‌ಗಳು ಉಪಗ್ರಹದ ಜೊತೆ ಮಾತಾಡೋಕೆ, ಗ್ಯಾಲಕ್ಸಿ ನೋಡೋಕಲ್ಲ. ಆದ್ರೆ ನಮ್ಮವರು ಸುಮ್ನೆ ಕೂತಿಲ್ಲ. 2022ರ ಫೆಬ್ರವರಿಯಲ್ಲಿ ಎಟಿ2022ಸಿಎಂಸಿ ಅಂತ ಇನ್ನೊಂದು ಜೆಟ್ ನಮ್ಮ ಕಡೆಗೇ ತಿರುಗಿ ಹೊಡೀತಲ್ಲ, 850 ಕೋಟಿ ಜ್ಯೋತಿರ್ವರ್ಷ ದೂರದ್ದು, ಅದನ್ನ ನೋಡಿದ ಟೀಮಲ್ಲಿ ಲಡಾಖಿನ ಹಾನ್ಲೆಯಲ್ಲಿರೋ ಗ್ರೋತ್ ಇಂಡಿಯಾ ಟೆಲಿಸ್ಕೋಪಿನವರೂ, ಪುಣೆ ಹತ್ರ 45 ಮೀಟರಿನ 30 ಡಿಶ್ ಇರೋ ರೇಡಿಯೋ ಟೆಲಿಸ್ಕೋಪ್ ಜಿಎಂಆರ್‌ಟಿ ಬಳಸಿದವರೂ ಇದ್ರು. ನಕ್ಷತ್ರ ಹರಿಯೋ ನೂರು ಘಟನೇಲಿ ಒಂದಕ್ಕೆ ಇಂಥ ಜೋರು ಜೆಟ್ ಅಂತ ಅಂದಾಜು, ಅಷ್ಟು ಅಪರೂಪ.

ಕಿಟ್ಟಿ ಕಡೂರು:
ಸರಿ, ಎಕ್ಸ್‌ರೇ ರೇಡಿಯೋ ಜೊತೆಗೆ ಹೋಗ್ತಿರೋದು ನನ್ನ ಗದ್ದಲದ ವಾದಕ್ಕೆ ಏಟು ಕೊಡುತ್ತೆ, ಅಲ್ಲ ಅನ್ನಲ್ಲ. ಆದ್ರೆ ಈಗ ನಿಮ್ಮ ಕಥೆಗೇ ಒಂದು ತೊಡಕು ಹಾಕ್ತೀನಿ. ಜೆಟ್‌ಗೆ ಶಕ್ತಿ ಎಲ್ಲಿಂದ? ಬ್ಲಾಂಡ್‌ಫರ್ಡ್ ಮತ್ತು ಜ್ನಾಯೆಕ್ 1977ರಲ್ಲಿ ಹೇಳಿದ ಪ್ರಕಾರ ತಿರುಗೋ ಬ್ಲ್ಯಾಕ್ ಹೋಲಿನಿಂದಲೇ, ಕಾಂತರೇಖೆ ಹೋಲಿಗೆ ಚುಚ್ಚಿಕೊಂಡಿರುತ್ತೆ, ಹೋಲ್ ತಿರುಗಿದಂಗೆ ರೇಖೆ ಸುರುಳಿಯಾಗಿ ಶಕ್ತಿ ಹೊರಗೆ ಬರುತ್ತೆ. ಹಂಗಾದ್ರೆ ಜೆಟ್ ಹೊರಡಬೇಕಾಗಿದ್ದು ಹೋಲಿನ ಅಕ್ಷದ ನೇರಕ್ಕೆ. ಸೂರ್ಯನ ಲಕ್ಷಾಂತರ ಪಟ್ಟು ತೂಕದ ಹೋಲಿನ ಅಕ್ಷವನ್ನ ಒಂದು ನಕ್ಷತ್ರದ ಅರ್ಧ ಚೂರು ಅಲ್ಲಾಡ್ಸೋಕೆ ಸಾಧ್ಯನೇ ಇಲ್ಲ. ಡಿಸ್ಕ್ ಬೇಕಾದಷ್ಟು ಓಲಾಡ್ಲಿ, ಜೆಟ್ ಮಿಸುಕಬಾರ್ದು. ಮಿಸುಕಿದೆ ಅಂತೀರಿ. ಎರಡರಲ್ಲಿ ಒಂದು ತಪ್ಪು.

ಬೇಲೂರು ಮೇಷ್ಟ್ರು:
ಇದಪ್ಪಾ ಪ್ರಶ್ನೆ ಅಂದ್ರೆ. ಸ್ಮಿತಾ, ಇದಕ್ಕೆ ನೀನೇ ಹೇಳಮ್ಮ, ನಮ್ಮ ಕಾಲದ ಸಿಲೆಬಸ್ಸಲ್ಲಿ ಜೆಟ್ ಅಂದ್ರೆ ವಿಮಾನ ಮಾತ್ರ.

ಸ್ಮಿತಾ ಹಾಸನ:
ಸಾರ್ 😄 ಬಹಳ ವರ್ಷ ಇದು ಬಗೆಹರಿದೇ ಇರ್ಲಿಲ್ಲ. ಜೆಟ್ ಹೋಲಿನ ಅಕ್ಷ ಹಿಡಿಯುತ್ತಾ ಡಿಸ್ಕಿನ ಅಕ್ಷ ಹಿಡಿಯುತ್ತಾ ಅಂತ ಎರಡು ಬಣನೇ ಇತ್ತು. ಪೆನ್ನು ಪೇಪರಲ್ಲಿ ಆಗೋ ಲೆಕ್ಕ ಅಲ್ಲ ಅದು, ವಾಲಿದ ಡಿಸ್ಕು, ಕಾಂತಕ್ಷೇತ್ರ, ಪೂರ್ತಿ ಸಾಪೇಕ್ಷತೆ ಎಲ್ಲ ಸೇರಿಸಿ ದೊಡ್ಡ ಕಂಪ್ಯೂಟರಲ್ಲಿ ಓಡಿಸ್ಬೇಕು. 2018ರಲ್ಲಿ ಲಿಸ್ಕಾ ಮತ್ತವರ ಜೊತೆಯವರು ಅದನ್ನ ಮಾಡಿದ್ರು. ಕಂಡಿದ್ದೇನಂದ್ರೆ, ಶಕ್ತಿ ಹೋಲಿಂದನೇ ಬರುತ್ತೆ, ಕಿಟ್ಟಿಯವ್ರು ಹೇಳಿದ್ದು ಅಷ್ಟರ ಮಟ್ಟಿಗೆ ಸರಿ, ಆದ್ರೆ ದಿಕ್ಕು ತೀರ್ಮಾನ ಮಾಡೋದು ಡಿಸ್ಕು. ಬುಡದಲ್ಲಿ ಹೊರಟ ಜೆಟ್ ಅಗಲವಾಗಿ ಹರಡ್ಕೊಂಡಿರುತ್ತೆ, ಅದನ್ನ ಸುತ್ತ ಒತ್ತಿ ಸಣ್ಣ ಮಾಡೋದು ಡಿಸ್ಕಿಂದ ಏಳೋ ಗಾಳಿ. ಡಿಸ್ಕ್ ವಾಲಿದ್ರೆ ಗಾಳಿನೂ ವಾಲಿರುತ್ತೆ, ಜೆಟ್ ಅದಕ್ಕೆ ಒರಗಿ ಬಾಗಿ ಡಿಸ್ಕಿನ ಅಕ್ಷದ ನೇರಕ್ಕೇ ಹೊರಡುತ್ತೆ. ಡಿಸ್ಕ್ ಓಲಾಡಿದಂಗೆ ಜೆಟ್ಟೂ ಓಲಾಡುತ್ತೆ. ಇದು ಎಎಫ್‌ಎಚ್‌ಡಿ ಸಿಗೋಕೆ ಆರು ವರ್ಷ ಮೊದಲೇ ಬಂದ ಫಲಿತಾಂಶ, ಆಮೇಲೆ ಹೊಲಿದ ಅಂಗಿ ಅಲ್ಲ.
ಆದ್ರೆ ಇದಕ್ಕೊಂದು ಮಿತಿ ಇದೆ, ಅದನ್ನೂ ಹೇಳ್ಬೇಕು. ಕಾಂತಕ್ಷೇತ್ರ ಮಿತಿ ಮೀರಿ ಜೋರಿದ್ರೆ ಆಟ ತಲೆಕೆಳಗಾಗುತ್ತೆ, ಜೆಟ್ಟೇ ಡಿಸ್ಕಿನ ಒಳಭಾಗವನ್ನ ತಳ್ಳಿ ಹೋಲಿನ ಅಕ್ಷಕ್ಕೆ ನೆಟ್ಟಗೆ ಮಾಡುತ್ತೆ, 2013ರಲ್ಲಿ ಮೆಕಿನಿ, ಚೆಕೊವ್‌ಸ್ಕೊಯ್, ಬ್ಲಾಂಡ್‌ಫರ್ಡ್ ತೋರಿಸಿದ್ರು. ಹಂಗಾಗಿ ಓಲಾಡೋ ಜೆಟ್ ಸಿಕ್ಕಿದ್ರೆ ಅಲ್ಲಿ ಕಾಂತಕ್ಷೇತ್ರ ಅಷ್ಟು ಜೋರಿಲ್ಲ ಅಂತ್ಲೂ ಓದ್ಕೋಬೋದು. ನನಗೆ ಈ ಪೇಪರಲ್ಲಿ ಹೆಚ್ಚು ಇಷ್ಟ ಆಗಿದ್ದು ಐನ್‌ಸ್ಟೈನ್ ಗೆದ್ರು ಅನ್ನೋದಕ್ಕಿಂತ ಇದೇ.

ಕಿಟ್ಟಿ ಕಡೂರು:
ಸ್ಮಿತಾ ಮೇಡಂ ಉತ್ತರ ಚೆನ್ನಾಗಿದೆ, ಆದ್ರೂ ಸುತ್ತಿ ಸುತ್ತಿ ಅಲ್ಲೇ ಬರ್ತಿದೀವಿ. ಜೆಟ್ ಡಿಸ್ಕಿನ ಹಿಂದೆ ಹೋಗುತ್ತೆ ಅಂತ ಸಿಮ್ಯುಲೇಷನ್ ಹೇಳ್ತು, ಅಂದ್ರೆ ಡಿಸ್ಕ್ ಯಾವ ಕಾರಣಕ್ಕೆ ಓಲಾಡಿದ್ರೂ ಜೆಟ್ ಓಲಾಡುತ್ತೆ. ಎಕ್ಸ್‌ರೇ ರೇಡಿಯೋ ಒಟ್ಟಿಗೆ ಏರಿಳಿದದ್ದು ಓಲಾಟಕ್ಕೆ ಸಾಕ್ಷಿ, ಓಲಾಡಿಸ್ತಿರೋದು ಯಾರು ಅನ್ನೋದಕ್ಕೆ ಸಾಕ್ಷಿ ಅಲ್ಲ. ನನ್ನ ಇನ್ನೊಂದು ಬ್ಲ್ಯಾಕ್ ಹೋಲ್ ಇನ್ನೂ ಬದುಕಿದೆ.

ಬೇಲೂರು ಮೇಷ್ಟ್ರು:
ದೇಶಕಾಲ ಎಳೆಯೋದು ಇರೋದೇ ಸುಳ್ಳು ಅಂತ ಏನಾದ್ರೂ ಅಂದ್ಕೊಂಡಿದ್ರೆ ಅದು ಬಿಡು. ಭೂಮಿ ಸುತ್ತಲೇ ಅಳೆದಿದಾರೆ. 2004ರಲ್ಲಿ ಗ್ರಾವಿಟಿ ಪ್ರೋಬ್ ಬಿ ಅಂತ ನಾಸಾ ಕಳಿಸ್ತು, ಅದರಲ್ಲಿದ್ದ ಗೈರೋಸ್ಕೋಪಿನ, ಅಂದ್ರೆ ಜೋರಾಗಿ ತಿರುಗೋ ಚೆಂಡಿನ, ಅಕ್ಷ ಭೂಮಿ ತಿರುಗೋದ್ರಿಂದ ವರ್ಷಕ್ಕೆ 39.2 ಮಿಲಿ ಆರ್ಕ್‌ಸೆಕೆಂಡ್ (ಒಂದು ಮಿಲಿ ಆರ್ಕ್‌ಸೆಕೆಂಡ್ ಅಂದ್ರೆ ಡಿಗ್ರಿಯ 36 ಲಕ್ಷದಲ್ಲಿ ಒಂದು ಪಾಲು) ಸರೀಬೇಕು ಅಂತ ಲೆಕ್ಕ, 2011ರಲ್ಲಿ ಫಲಿತಾಂಶ ಕೊಟ್ರು, 37.2, ಆ ಕಡೆ ಈ ಕಡೆ 7.2. ಆ ವೇಗದಲ್ಲಿ ಒಂದು ಡಿಗ್ರಿ ತಿರುಗೋಕೆ 97 ಸಾವಿರ ವರ್ಷ ಹಿಡಿಯುತ್ತೆ! ಅಂಥದ್ದು ಬ್ಲ್ಯಾಕ್ ಹೋಲ್ ಪಕ್ಕ ಮೂರು ವಾರದಲ್ಲಿ ಪೂರ್ತಿ ಸುತ್ತು.
ಇನ್ನೊಂದು ಮಾತು. ನಮ್ಮ ಬೆಂಗಳೂರಿನ ಸಿ.ವಿ. ವಿಶ್ವೇಶ್ವರ ಅವರು 1970ರಲ್ಲಿ ಬ್ಲ್ಯಾಕ್ ಹೋಲಿಗೆ ಏಟು ಬಿದ್ರೆ ಅದು ಇಂಥದ್ದೇ ರೀತಿ ಅದುರಿ ಸುಮ್ಮನಾಗುತ್ತೆ ಅಂತ ಲೆಕ್ಕ ಹಾಕಿದ್ರು. ಗುರುತ್ವ ಅಲೆ ಸಿಕ್ಕಿದ್ದು 2015ರಲ್ಲಿ, ಅವರು ಹೇಳಿದ ಅದುರು ಅದರ ಕೊನೇಲಿ ಇತ್ತು. ಬೆಂಗಳೂರು ತಾರಾಲಯ ಕಟ್ಟಿದವರೂ ಅವರೇ, ಅಲ್ಲಿಗೆ ಮಕ್ಕಳನ್ನ ಕರ್ಕೊಂಡು ಹೋದಾಗ ಅವರ ಮಾತು ಕೇಳಿದೀನಿ.

ಕಿಟ್ಟಿ ಕಡೂರು:
ಸಾರ್, ವಿಶ್ವೇಶ್ವರ ಅವರ ಮೇಲೆ ನನಗೂ ಅಷ್ಟೇ ಗೌರವ. ದೇಶಕಾಲ ಎಳೆಯೋದು ಇದೆ ಅಂತ ನಾನೂ ಒಪ್ತೀನಿ. ಈ ಒಂದು ಗ್ಯಾಲಕ್ಸಿಯ ಈ ಒಂದು ಓಲಾಟಕ್ಕೆ ಅದೇ ಕಾರಣ ಅಂತ ತೋರಿಸಿ ಅಂತಿದೀನಿ. ಕಳ್ಳರು ಇದಾರೆ ಅಂದ ಮಾತ್ರಕ್ಕೆ ನಿಮ್ಮನೆ ಕೋಳಿ ಕದ್ದಿದ್ದು ಅವರೇ ಅಂತ ಆಗಲ್ವಲ್ಲ.

ಲತಾ ಹೊಳೆನರಸೀಪುರ:
ಈ ಓಲಾಟ ಹಿಂಗೇ ನಡೀತಾನೇ ಇರುತ್ತಾ? ನಿಂತ್ರೆ ಅದರಿಂದ ಏನಾದ್ರೂ ಗೊತ್ತಾಗಲ್ವಾ?

ಅನೂಪ್ ಚಿಕ್ಕಮಗಳೂರು:
ಅಕ್ಕ ಸೂಪರ್ ಪಾಯಿಂಟ್. 2020ರ ಓಸಿಎನ್‌ನಲ್ಲಿ ಓಲಾಟ ನಾಲ್ಕು ತಿಂಗಳ ಚಿಲ್ಲರೆ ಇದ್ದು ನಿಂತುಹೋಯ್ತು. ನಕ್ಷತ್ರದ ಚೂರು ಬರೋದು ಕಮ್ಮಿ ಆದಂಗೆ ಡಿಸ್ಕ್ ತಣ್ಣಗಾಗಿ ತೆಳುವಾಗುತ್ತೆ, ಸ್ಮಿತಾ ಹೇಳಿದ ಒತ್ತಡದ ಅಲೆ ನಿಧಾನ ಆಗುತ್ತೆ, ಒಳಭಾಗ ನೆಟ್ಟಗಾಗುತ್ತೆ, ಓಲಾಟ ಮುಗೀತು. ಕಿಟ್ಟಣ್ಣನ ಜೊತೆ ಬ್ಲ್ಯಾಕ್ ಹೋಲ್ ಇದ್ದಿದ್ರೆ ಅದು ಎಲ್ಲೂ ಓಡಿಹೋಗಲ್ಲ, ಎಳೀತಾನೇ ಇರುತ್ತೆ. ಜೊತೆಗೆ 20 ದಿನದಲ್ಲಿ ಡಿಸ್ಕನ್ನ ಓಲಾಡಿಸೋಷ್ಟು ಹತ್ರ ಎರಡು ದೊಡ್ಡ ಹೋಲ್ ಇದ್ರೆ ಗುರುತ್ವ ಅಲೆ ಬಿಟ್ಟು ಬಿಟ್ಟು ಬೇಗ ಒಂದಾಗಿಬಿಡ್ತವೆ. ಅಂಥ ಜೋಡಿ ಇರೋ ಅಷ್ಟು ಕಮ್ಮಿ ಕಾಲದಲ್ಲೇ ಅಲ್ಲೊಂದು ನಕ್ಷತ್ರ ಬಂದು ಹರಿದು ನಮಗೆ ಕಾಣಿಸ್ತು ಅಂದ್ರೆ ಲಾಟರಿ ಹೊಡೆದಂಗೆ.
ಜೆಟ್ ವಾಲೋದನ್ನ ಕಣ್ಣಾರೆ ನೋಡಿಲ್ಲ ಅಂತೀರಲ್ಲ, ಎಂ87 ಅನ್ನೋ ಗ್ಯಾಲಕ್ಸಿಯ ಬ್ಲ್ಯಾಕ್ ಹೋಲಲ್ಲಿ ನೋಡಿದಾರೆ. ಐದೂವರೆ ಕೋಟಿ ಜ್ಯೋತಿರ್ವರ್ಷ, ಸೂರ್ಯನ 650 ಕೋಟಿ ಪಟ್ಟು ತೂಕ, 2000ದಿಂದ 2022ರವರೆಗಿನ ರೇಡಿಯೋ ಚಿತ್ರ ಜೋಡಿಸಿ ಜೆಟ್ 11 ವರ್ಷಕ್ಕೊಂದು ಸುತ್ತು, ಸುಮಾರು 10 ಡಿಗ್ರಿ ಆ ಕಡೆ ಈ ಕಡೆ ಹೋಗುತ್ತೆ ಅಂತ 2023ರಲ್ಲಿ ನೇಚರಲ್ಲಿ ಬಂತು.

ಕಿಟ್ಟಿ ಕಡೂರು:
22 ವರ್ಷದ ಡೇಟಾ, 11 ವರ್ಷದ ಸುತ್ತು. ಎರಡೇ ಸುತ್ತು ಕಣಪ್ಪಾ! ಎರಡು ಸುತ್ತು ನೋಡಿ ನೀನು ನಿನ್ನ ಬೈಕಿನ ಮೈಲೇಜೂ ಹೇಳಲ್ಲ.
ಆದ್ರೆ ನಿಂತುಹೋಗೋ ವಾದ ಗಟ್ಟಿ ಇದೆ, ಲತಕ್ಕನಿಗೆ ಅದರ ಕ್ರೆಡಿಟ್ಟು. ಹಂಗಾದ್ರೆ ನನಗೆ ಬೇಕಾಗಿರೋದು ಇಷ್ಟು. ದೇಶಕಾಲ ಎಳೆಯೋದೇ ಕಾರಣ ಆದ್ರೆ ಡಿಸ್ಕ್ ದಿನ ಹೋದಂಗೆ ಹೊರಗೆ ಹರಡುತ್ತೆ, ಹರಡಿದಂಗೆ ಓಲಾಟ ನಿಧಾನ ಆಗ್ಬೇಕು, 19.6 ಇದ್ದದ್ದು 22, 25 ಅಂತ ಉದ್ದ ಆಗ್ತಾ ಹೋಗಿ ಆಮೇಲೆ ನಿಲ್ಬೇಕು. ಜೊತೆಗಾರ ಹೋಲ್ ಆದ್ರೆ ಅದರ ಗಡಿಯಾರ ತಿಂಗಳುಗಟ್ಟಲೆ ಹಿಂಗೆ ಬದಲಾಗಲ್ಲ. ಅದನ್ನ ತೋರಿಸ್ಲಿ.

ಸ್ಮಿತಾ ಹಾಸನ:
ಒಪ್ಪಿದೆ, ಒಳ್ಳೆ ಪರೀಕ್ಷೆ, ಆದ್ರೆ ಒಂದರಿಂದ ಆಗಲ್ಲ. ಬೇರೆ ಬೇರೆ ತೂಕದ ಹೋಲುಗಳ ಹತ್ತಿಪ್ಪತ್ತು ಓಲಾಟ ಬೇಕು, ತೂಕಕ್ಕೂ ಸುತ್ತಿನ ಅವಧಿಗೂ ಲೆಕ್ಕ ಕೂಡಿ ಬರುತ್ತಾ ನೋಡ್ಬೇಕು. ಹರಿಯೋ ನಕ್ಷತ್ರಗಳಿಗೇನೂ ಇನ್ಮುಂದೆ ಬರ ಇಲ್ಲ. ಚಿಲಿಯ ರೂಬಿನ್ ಟೆಲಿಸ್ಕೋಪ್ 2025ರ ಜೂನಲ್ಲಿ ಮೊದಲ ಚಿತ್ರ ಕೊಟ್ಟಿದೆ, ಕೆಲವೇ ರಾತ್ರಿಗೊಮ್ಮೆ ದಕ್ಷಿಣದ ಆಕಾಶ ಇಡೀ ಸ್ಕ್ಯಾನ್ ಮಾಡುತ್ತೆ, ಚೀನಾದ ಐನ್‌ಸ್ಟೈನ್ ಪ್ರೋಬ್ ಉಪಗ್ರಹ 2024ರ ಜನವರಿಯಲ್ಲಿ ಹಾರಿದ್ದು, ಎಕ್ಸ್‌ರೇ ಆಕಾಶ ಕಾಯ್ತಿದೆ. ತೊಂದರೆ ಇರೋದು ಆಮೇಲಿನದ್ದರಲ್ಲಿ. 20 ದಿನದ ಓಲಾಟ ಹಿಡೀಬೇಕಾದ್ರೆ ಎರಡು ಮೂರು ದಿನಕ್ಕೊಂದ್ಸಲ ತಿಂಗಳಾನುಗಟ್ಟಲೆ ಎಕ್ಸ್‌ರೇನೂ ರೇಡಿಯೋನೂ ಎರಡೂ ನೋಡ್ತಿರ್ಬೇಕು. ವಾರಕ್ಕೊಂದ್ಸಲ ನೋಡಿದ್ರೆ ಏರಿದ್ದು ಯಾವಾಗ ಇಳಿದದ್ದು ಯಾವಾಗ ಅಂತ ಗೊತ್ತೇ ಆಗಲ್ಲ. ಹಿಂದೆ ಹರಿದ ಎಷ್ಟೋ ನಕ್ಷತ್ರಗಳಿಗೆ ರೇಡಿಯೋ ನೋಡಿದ್ದೇ ತಿಂಗಳಿಗೆ ಒಂದು ಸಲವೋ ಎರಡು ಸಲವೋ. ಅವುಗಳಲ್ಲಿ ಎಷ್ಟು ಜೆಟ್ ಓಲಾಡಿ ಹೋದ್ವೋ ಯಾರಿಗೆ ಗೊತ್ತು. ದೊಡ್ಡ ರೇಡಿಯೋ ಟೆಲಿಸ್ಕೋಪಲ್ಲಿ ಅಷ್ಟು ಟೈಮ್ ಗಿಟ್ಟಿಸೋದೇ ಕಷ್ಟ, ಅರ್ಜಿ ಹಾಕಿ ಸಾಲಲ್ಲಿ ನಿಲ್ಬೇಕು.

ಮೂಡಿಗೆರೆ ಮಂಜ:
ಕರೆಂಟ್ ಬಂತು. ಅರ್ಜಿ ಹಾಕೋದು, ಸಾಲಲ್ಲಿ ನಿಲ್ಲೋದು ಅಂದ್ರಲ್ಲ, ಅದು ಮಾತ್ರ ಪೂರ್ತಿ ಅರ್ಥ ಆಯ್ತು ನಂಗೆ.

ಕಿಟ್ಟಿ ಕಡೂರು:
ಹಂಗಾದ್ರೆ ಅರ್ಜಿ ಹಾಕೋರಿಗೆ ನಂದೊಂದು ಸಲಹೆ. ಹೊಸ ನಕ್ಷತ್ರ ಹರಿದ ದಿನವೇ, ಹೋಲಿನ ತೂಕ ಇಷ್ಟು, ಹಂಗಾಗಿ ಓಲಾಟ ಇಷ್ಟು ದಿನದಿಂದ ಇಷ್ಟು ದಿನದೊಳಗೆ, ಇಷ್ಟು ತಿಂಗಳಿಗೆ ನಿಲ್ಲುತ್ತೆ ಅಂತ ಮೊದಲೇ ಬರೆದು ಹಾಕಿ ಆಮೇಲೆ ನೋಡ್ಲಿ. ನೋಡಿದ್ಮೇಲೆ ಮಾಡೆಲ್ ಕೂರಿಸಿದ್ರೆ ನಾನು ಮತ್ತೆ ಇಲ್ಲೇ ಬಂದು ಜಗಳ ಆಡ್ತೀನಿ.